ಮನೆಯಂಗಳದಲ್ಲಿ ಆಕಾಶ: ಎಳೆಯ ಮಕ್ಕಳೊಡನೆ ತಾಯ್ತಂದೆಯರ ಕೈಗೆಲಸ



ಕುಟುಂಬ ಕಲ್ಯಾಣದ ಮಾತೆಂದೊಡನೆ ಚುಚ್ಚುಮದ್ದು, ಪೌಷ್ಟಿಕ ಆಹಾರ, ಹೆರಿಗೆಗಳ ನಡುವಣ ಅಂತರ ಇವೇ ತಮ್ಮ ನೆನಪಿಗೆ ಬರುವುದು ಸಹಜ. ಈ ಹೊತ್ತು ನಾನು ಹೇಳಬಯಸುವ ವಿಷಯವನ್ನು ಕೇಳಿದರೆ ಕೆಲವರಿಗೆ ನಗೆ ಬಂದೀತು. ಎರಡರಿಂದ ಆರು ವರ್ಷದೊಳಗಿನ ಮಕ್ಕಳನ್ನು ಜೊತೆಯಲ್ಲಿ ಕೂಡಿಸಿಕೊಂಡು, ಮನೆಯಲ್ಲಿ ದೊರೆಯುವ ಮಣ್ಣು, ಹಿಟ್ಟು, ಜೋಳದ ದಂಟು, ಹಳೆಯ ಕಾಗದ ಇವುಗಳಿಂದ ಚಂದ್ರ, ನಕ್ಷತ್ರ, ಚಂದ್ರನ ಮೇಲೆ ಓಡಾಡಿದ ಬಂಡಿ ಮೊದಲಾದವನ್ನು ಮಾಡುವ ಬಗೆ ಹೇಗೆ ಎಂಬುದೇ ಆ ವಿಷಯ. ಆರೋಗ್ಯ ಇಲಾಖೆಗೂ ಮಣ್ಣಿನ ಚಂದ್ರನಿಗೂ ಏನು ಸಂಬಂಧವೆಂದು ತಾವು ಕೇಳಬಹುದು. ಕೇಳತಕ್ಕ ಪ್ರಶ್ನೆಯೇ ಸರಿ.

ಮಗುವಿನ ದೇಹ ಅನ್ನದಿಂದ ಬೆಳೆಯುತ್ತದೆ. ಅದರ ಬುದ್ಧಿಯಾದರೋ ಅನ್ನದ ಜೊತೆಗೆ ಮಾತು, ಸ್ಪರ್ಶ, ಆಟ ಇವುಗಳಿಂದ ಬೆಳೆಯುತ್ತದೆ. ಮನುಷ್ಯನ ಮೆದುಳು ಅತಿ ವೇಗವಾಗಿ ಬೆಳೆಯುವುದು ಹುಟ್ಟಿದ ಮೊದಲ ಕೆಲವು ವರ್ಷಗಳಲ್ಲಿ. ಶಾಲೆಗೆ ಸೇರಿದ ಮೇಲೆ ನೋಡಿಕೊಳ್ಳೋಣವೆಂದು ಕುಳಿತರೆ ಬಿತ್ತನೆಯ ಹದ ಮೀರಿದ ಹೊಲದಂತಾಗುತ್ತದೆ. ಮಗುವಿನ ತೂಕವನ್ನು ಅಂಗನವಾಡಿಯಲ್ಲಿ ತಿಂಗಳು ತಿಂಗಳೂ ತೂಗಿ ಬರೆದಿಡುತ್ತಾರೆ. ಮಗುವಿನೊಡನೆ ಮನೆಯಲ್ಲಿ ಎಷ್ಟು ಮಾತನಾಡಲಾಯಿತು, ಅದರ ಕೈಗೆ ಏನು ಕೆಲಸ ಕೊಡಲಾಯಿತು ಎಂಬುದನ್ನು ತೂಗುವ ತಕ್ಕಡಿ ಎಲ್ಲಿಯೂ ಇಲ್ಲ. ಆ ಲೆಕ್ಕವನ್ನು ತಾಯ್ತಂದೆಗಳೇ ಇಟ್ಟುಕೊಳ್ಳಬೇಕು.

ಇನ್ನೊಂದು ಕಾರಣವೂ ಉಂಟು. ಮಗುವಿನ ಕಣ್ಣು, ಕಿವಿ, ಮಾತು, ಬೆರಳು ಸರಿಯಾಗಿವೆಯೇ ಎಂಬುದು ಅದರ ಪಕ್ಕದಲ್ಲಿ ಕುಳಿತು ಏನಾದರೂ ಮಾಡಿದಾಗಲೇ ತಿಳಿಯುತ್ತದೆ. ಕಂಕುಳಲ್ಲಿ ಎತ್ತಿಕೊಂಡು ಚಂದ್ರನನ್ನು ತೋರಿಸುವುದು ನಮ್ಮ ಎಲ್ಲ ಮನೆಗಳ ಹಳೆಯ ಪದ್ಧತಿ. ಒಂದೂವರೆ ವರ್ಷ ಕಳೆದ ಮಗು, ತಾಯಿ ಬೆರಳು ಚಾಚಿದ ದಿಕ್ಕಿಗೆ ತಾನೂ ನೋಡುತ್ತದೆ, ತನ್ನ ಬೆರಳನ್ನೂ ಚಾಚುತ್ತದೆ. ಹಲವು ಬಾರಿ ತೋರಿಸಿದರೂ ಮಗು ಅತ್ತ ನೋಡದಿದ್ದರೆ, ಹೆಸರು ಹಿಡಿದು ಕರೆದಾಗ ತಿರುಗದಿದ್ದರೆ, ಮೂರು ವರ್ಷ ತುಂಬಿದರೂ ಎರಡು ಮೂರು ಪದಗಳನ್ನು ಸೇರಿಸಿ ಆಡದಿದ್ದರೆ, ‘ನಮ್ಮ ಮನೆತನದಲ್ಲಿ ಮಾತು ತಡ’ ಎಂದು ಕಾಲ ಕಳೆಯಬಾರದು. ಆಶಾ ಕಾರ್ಯಕರ್ತೆಗೆ ತಿಳಿಸಿ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆತರಬೇಕು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಇಂಥ ಮಕ್ಕಳ ತಪಾಸಣೆ ಮತ್ತು ಮುಂದಿನ ಚಿಕಿತ್ಸೆಗಳಿಗೆ ಹಣ ತೆರಬೇಕಾಗಿಲ್ಲ. ಕಿವುಡುತನ, ದೃಷ್ಟಿದೋಷ ಇವುಗಳನ್ನು ಎಷ್ಟು ಬೇಗ ಗುರುತಿಸಿದರೆ ಅಷ್ಟು ಒಳ್ಳೆಯದು. ಆದಕಾರಣ ನಾನು ಈಗ ಹೇಳಲಿರುವ ಕೈಗೆಲಸಗಳನ್ನು ಕೇವಲ ಹೊತ್ತು ಕಳೆಯುವ ಆಟವೆಂದು ತಿಳಿಯಬಾರದಾಗಿ ವಿನಂತಿ.

ಆಟಕ್ಕೆ ಆಕಾಶವೇ ಏಕೆ? ಆಕಾಶಕ್ಕೆ ಬೆಲೆಯಿಲ್ಲ, ಮತ್ತು ಆ ವಿಷಯದಲ್ಲಿ ಹಳ್ಳಿಯವರೇ ಪಟ್ಟಣದವರಿಗಿಂತ ಸಿರಿವಂತರು. ಬೀದಿದೀಪಗಳ ಬೆಳಕಿನಲ್ಲಿ ಬೆಂಗಳೂರಿನ ಮಗುವಿಗೆ ಬೆರಳೆಣಿಕೆಯಷ್ಟು ನಕ್ಷತ್ರಗಳು ಕಂಡರೆ ಹೆಚ್ಚು. ತಮ್ಮ ಮನೆಯ ಅಂಗಳದಲ್ಲಿ ಅಮಾವಾಸ್ಯೆಯ ರಾತ್ರಿ ಲೆಕ್ಕಕ್ಕೆ ಸಿಗದಷ್ಟು ಕಾಣುತ್ತವೆ. ಅದೂ ಅಲ್ಲದೆ, ಓದು ಬರಹ ಕಲಿಯದ ಅಜ್ಜಿ ತಾತಂದಿರಿಗೂ ಮಳೆಯ ನಕ್ಷತ್ರಗಳ ಹೆಸರು ಗೊತ್ತು, ಹುಣ್ಣಿಮೆ ಅಮಾವಾಸ್ಯೆಗಳ ಲೆಕ್ಕ ಗೊತ್ತು. ಮಗುವಿಗೆ ಹೇಳಲು ತಮ್ಮಲ್ಲಿ ಏನೂ ಇಲ್ಲವೆಂದು ಯಾರೂ ಸಂಕೋಚಪಡಬೇಕಾದ್ದಿಲ್ಲ.

ಮೊದಲು ಮಣ್ಣಿನ ಚಂದ್ರನಿಂದ ಪ್ರಾರಂಭಿಸೋಣ. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತುಗಳನ್ನು ಮಾಡುವ ಊರುಗಳಲ್ಲಿ ಜೇಡಿಮಣ್ಣನ್ನು ಹದಮಾಡುವ ವಿಧಾನವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಕೆರೆಯ ಅಂಚಿನ ಅಥವಾ ಹೊಲದ ಶುದ್ಧ ಮಣ್ಣನ್ನು ತಂದು, ಕಲ್ಲು ಕಸಗಳನ್ನು ಆರಿಸಿ, ಚಪಾತಿ ಹಿಟ್ಟಿನ ಹದಕ್ಕೆ ಕಲಸಿರಿ. ಜನರು ಬಯಲಿಗೆ ಹೋಗುವ ಜಾಗದ ಮಣ್ಣು, ತಿಪ್ಪೆಯ ಬಳಿಯ ಮಣ್ಣು ಎಂದಿಗೂ ಕೂಡದು. ಜಂತುಹುಳುವಿನ ಮೊಟ್ಟೆಗಳು ಕಣ್ಣಿಗೆ ಕಾಣುವುದಿಲ್ಲ. ಕೆಲಸ ಮುಗಿದೊಡನೆ ಮಗುವಿನ ಕೈಗಳನ್ನು, ಉಗುರಿನ ಸಂದಿಯನ್ನು ಸಾಬೂನಿನಿಂದ ತೊಳೆಯಿರಿ. ಎರಡು ವರ್ಷದ ಮಗುವಿಗೆ ಮಣ್ಣಿನ ಬದಲು ರಾಗಿ ಹಿಟ್ಟಿನ ಅಥವಾ ಗೋಧಿ ಹಿಟ್ಟಿನ ಉಂಡೆಯನ್ನೇ ಕೊಡುವುದು ಲೇಸು. ಬಾಯಿಗಿಟ್ಟರೂ ಭಯವಿಲ್ಲ.

ಮಗು ಉಂಡೆ ಕಟ್ಟಲಿ. ಅದು ಗುಂಡಗೆ ಬಾರದೆ ಬದನೆಕಾಯಿಯಂತೆ ಆದರೂ ತಿದ್ದಬೇಡಿರಿ. ಅಂಗೈಗಳ ನಡುವೆ ಉರುಳಿಸುವುದು, ಹೆಬ್ಬೆರಳಿನಿಂದ ಒತ್ತುವುದು, ಚಿವುಟುವುದು ಇವೇ ಮುಂದೆ ಬಳಪ ಹಿಡಿಯುವ ಬೆರಳುಗಳಿಗೆ ಸಾಧನೆ. ಉಂಡೆ ಆದ ಮೇಲೆ ಹೆಬ್ಬೆರಳು, ಬಳೆ, ಗೋಲಿ ಮೊದಲಾದವುಗಳಿಂದ ಅದರ ಮೇಲೆ ದೊಡ್ಡ ಚಿಕ್ಕ ಕುಳಿಗಳನ್ನು ಒತ್ತಿಸಿರಿ. ಚಂದ್ರನ ಮೈಮೇಲೆ ಇಂಥ ಕುಳಿಗಳು ಲೆಕ್ಕವಿಲ್ಲದಷ್ಟಿವೆ.

ಅವು ಹೇಗಾದವು ಎಂದು ಮಗು ಕೇಳಿದರೆ, ಕೇಳದಿದ್ದರೂ ಸರಿ, ಒಂದು ಮೊರದಲ್ಲಿ ಜರಡಿ ಹಿಡಿದ ಮಣ್ಣನ್ನು ಎರಡು ಬೆರಳು ದಪ್ಪಕ್ಕೆ ಹರಡಿ, ತುಸು ನೀರು ಚಿಮುಕಿಸಿ ಧೂಳು ಅಡಗಿಸಿ, ಮೇಲಿನಿಂದ ಒಂದೊಂದೇ ಕಲ್ಲನ್ನು ಬೀಳಿಸಿ ತೋರಿಸಿರಿ. ಮೊಣಕಾಲೆತ್ತರದಿಂದ ಬಿದ್ದ ಕಲ್ಲು ಮಾಡುವ ಕುಳಿಗಿಂತ ತಲೆಯೆತ್ತರದಿಂದ ಬಿದ್ದ ಅದೇ ಕಲ್ಲಿನ ಕುಳಿ ದೊಡ್ಡದು. ಆಕಾಶದಿಂದ ಅತಿ ವೇಗವಾಗಿ ಬಂದೆರಗಿದ ಬಂಡೆಗಳಿಂದಲೇ ಚಂದ್ರನ ಕುಳಿಗಳು ಉಂಟಾದವು. ಅಲ್ಲಿ ಗಾಳಿಯಿಲ್ಲ, ಮಳೆಯಿಲ್ಲ; ಆದ್ದರಿಂದ ಬಿದ್ದ ಗುರುತು ಕೋಟ್ಯಂತರ ವರ್ಷ ಅಳಿಯದೆ ಉಳಿದಿದೆ. ಮಗುವಿಗೆ ಇಷ್ಟೆಲ್ಲವನ್ನೂ ಒಂದೇ ದಿನ ಹೇಳಬೇಕೆಂದಿಲ್ಲ. ಕಲ್ಲು ಬೀಳಿಸುವುದರಲ್ಲಿಯೇ ಅದಕ್ಕೆ ಒಂದು ಗಂಟೆ ಕಳೆಯುತ್ತದೆ, ಮತ್ತು ‘ದೊಡ್ಡದು, ಚಿಕ್ಕದು, ಮೇಲೆ, ಕೆಳಗೆ, ಆಳ’ ಎಂಬ ಮಾತುಗಳು ತಾವಾಗಿಯೇ ಬಾಯಿಗೆ ಬರುತ್ತವೆ.

ಚಂದ್ರನು ಏಕೆ ಬೆಳೆಯುತ್ತಾನೆ, ಏಕೆ ಕ್ಷೀಣಿಸುತ್ತಾನೆ ಎಂಬುದನ್ನು ನಾಲ್ಕೈದು ವರ್ಷದ ಮಗುವಿಗೆ ಬಾಯಿಯಲ್ಲಿ ಹೇಳಿ ತಿಳಿಸುವುದು ಕಷ್ಟ. ಕೈಯಲ್ಲಿ ಕೊಟ್ಟರೆ ಸುಲಭ. ರಾತ್ರಿ ಕೋಣೆಯಲ್ಲಿ ಒಂದೇ ಒಂದು ಬಲ್ಬು ಉರಿಯಲಿ, ಅದೇ ಸೂರ್ಯ. ಮಗುವೇ ಭೂಮಿ. ಒಣಗಿದ ಮಣ್ಣಿನ ಉಂಡೆಗೆ ಅಕ್ಕಿ ಹಿಟ್ಟಿನ ಗಂಜಿ ಬಳಿದು ಬೆಳ್ಳಗೆ ಮಾಡಿ, ಒಂದು ಕಡ್ಡಿಗೆ ಸಿಕ್ಕಿಸಿ ಮಗುವಿನ ಕೈಗೆ ಕೊಡಿರಿ. ತೋಳನ್ನು ಮುಂದೆ ಚಾಚಿ, ತಲೆಗಿಂತ ತುಸು ಮೇಲೆ ಉಂಡೆಯನ್ನು ಹಿಡಿದುಕೊಂಡು, ಮಗು ನಿಂತಲ್ಲಿಯೇ ನಿಧಾನವಾಗಿ ಎಡಕ್ಕೆ ತಿರುಗಲಿ. ಉಂಡೆ ಬಲ್ಬಿನ ದಿಕ್ಕಿಗಿದ್ದಾಗ ಮಗುವಿಗೆ ಕಾಣುವ ಮೈಯೆಲ್ಲ ಕತ್ತಲು, ಅದು ಅಮಾವಾಸ್ಯೆ. ಸ್ವಲ್ಪ ತಿರುಗಿದೊಡನೆ ಬಲಗಡೆಯ ಅಂಚಿನಲ್ಲಿ ಬೆಳಕಿನ ಒಂದು ಗೆರೆ ಮೂಡುತ್ತದೆ. ಅದೇ ಬಿದಿಗೆ ತದಿಗೆಯ ಚಂದ್ರ. ಬಲ್ಬಿಗೆ ಬೆನ್ನು ಮಾಡಿ ನಿಂತಾಗ ಉಂಡೆ ಪೂರ್ಣವಾಗಿ ಬೆಳಗುತ್ತದೆ, ಅದು ಹುಣ್ಣಿಮೆ. ಹೀಗೆ ಒಂದು ಅಮಾವಾಸ್ಯೆಯಿಂದ ಇನ್ನೊಂದು ಅಮಾವಾಸ್ಯೆಗೆ ಸುಮಾರು ಇಪ್ಪತ್ತೊಂಬತ್ತೂವರೆ ದಿನ. ಚಂದ್ರನನ್ನು ಯಾರೂ ಕಚ್ಚಿ ತಿನ್ನುವುದಿಲ್ಲ, ಬೆಳಕು ಬಿದ್ದ ಭಾಗ ನಮಗೆ ಎಷ್ಟು ಕಾಣುತ್ತದೆಯೋ ಅಷ್ಟೇ ಕಾಣುತ್ತದೆ ಎಂಬುದು ದೊಡ್ಡವರಿಗೂ ಅಂದೇ ಮೊದಲ ಬಾರಿಗೆ ಮನಸ್ಸಿಗೆ ಬಂದರೆ ಆಶ್ಚರ್ಯವಿಲ್ಲ.

ಗೋಡೆಗೆ ಬಳಿಯುವ ಸುಣ್ಣವನ್ನು ಇಂಥ ಕೆಲಸಕ್ಕೆ ಬಳಸಬಾರದು. ಸುಣ್ಣ ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗುವ ಅಪಾಯವಿದೆ. ಅಕಸ್ಮಾತ್ ಬಿದ್ದರೆ ಉಜ್ಜದೆ, ತಕ್ಷಣ ಶುದ್ಧ ನೀರನ್ನು ಧಾರಾಳವಾಗಿ ಹರಿಯಬಿಟ್ಟು ತೊಳೆದು, ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಬಣ್ಣಗಳಿಗೆ ಅರಿಸಿನ, ಬೀಟ್‌ರೂಟ್, ಇದ್ದಿಲು, ಬಸಳೆಯ ಹಣ್ಣು ಇವೇ ಸಾಕು. ಕೆಲವು ಅಂಗಡಿ ಬಣ್ಣಗಳಲ್ಲಿ ಸೀಸ ಬೆರೆತಿರುತ್ತದೆ. ಅಂಟಿಗೆ ಅನ್ನದ ಅಗುಳು ಸಾಕು. ಕೀಟನಾಶಕದ ಡಬ್ಬಿ, ಬಾಟಲಿಗಳು ನೋಡಲು ರಾಕೆಟ್ಟಿನಂತೆ ಚೆಂದವಾಗಿರಬಹುದು, ಎಷ್ಟು ತೊಳೆದರೂ ಅವುಗಳ ವಿಷ ಹೋಗದು; ಆಟಕ್ಕೆ ಬೇಡವೇ ಬೇಡ. ಬೆಂಕಿಪೊಟ್ಟಣದೊಳಗೆ ಹಿಡಿಯುವಷ್ಟು ಚಿಕ್ಕದಾದ ಗೋಲಿ, ಮಣಿ, ಕಾಳು, ಬಾಟಲಿ ಮುಚ್ಚಳ ಯಾವುದನ್ನೂ ಮೂರು ವರ್ಷದೊಳಗಿನ ಮಗುವಿನ ಕೈಗೆ ಒಂಟಿಯಾಗಿ ಬಿಡಬಾರದು. ಗಂಟಲಿಗೆ ಸಿಕ್ಕಿದರೆ ಆಸ್ಪತ್ರೆ ತಲುಪುವಷ್ಟು ಸಮಯ ಇರುವುದಿಲ್ಲ. ಆಟಿಕೆಗಳಲ್ಲಿರುವ ಗುಂಡಿಯಂಥ ಚಿಕ್ಕ ಬ್ಯಾಟರಿಯನ್ನು ನುಂಗಿದರಂತೂ ಮಗು ಆರಾಮಾಗಿ ಕಂಡರೂ ತಡಮಾಡದೆ ವೈದ್ಯರಲ್ಲಿಗೆ ಓಡಬೇಕು.

ಈಗ ನಕ್ಷತ್ರಗಳ ವಿಷಯ. ರೋಹಿಣಿ, ಮೃಗಶಿರ, ಆರಿದ್ರಾ ಎಂದು ಮಳೆಗಳ ಹೆಸರುಗಳನ್ನು ತಾವು ನಿತ್ಯವೂ ಹೇಳುತ್ತೀರಿ. ಆ ಹೆಸರಿನ ನಕ್ಷತ್ರಗಳು ಆಕಾಶದಲ್ಲಿ ಎಲ್ಲಿವೆಯೆಂದು ಮಗುವಿಗೆ ತೋರಿಸಿದವರು ವಿರಳ. ಮೃಗಶಿರ ಮಳೆ ಬೀಳುವ ಜೂನ್ ತಿಂಗಳಲ್ಲಿ ಸೂರ್ಯನು ಆಕಾಶದ ಅದೇ ಭಾಗದಲ್ಲಿರುತ್ತಾನೆ. ಆದ್ದರಿಂದಲೇ ಆಗ ಆ ನಕ್ಷತ್ರ ರಾತ್ರಿ ಕಾಣುವುದಿಲ್ಲ. ಅದನ್ನು ನೋಡಲು ಡಿಸೆಂಬರ್, ಜನವರಿ ತಿಂಗಳುಗಳು ಸೂಕ್ತ. ಸುಗ್ಗಿಯ ಕಾಲ, ಮೋಡವಿಲ್ಲದ ಆಕಾಶ. ಕತ್ತಲಾದ ಮೇಲೆ ಪೂರ್ವಕ್ಕೆ ಮುಖ ಮಾಡಿ ನಿಂತರೆ, ಒಂದೇ ಸಾಲಿನಲ್ಲಿ ಹತ್ತಿರ ಹತ್ತಿರ ನಿಂತ ಮೂರು ನಕ್ಷತ್ರಗಳು ಕಾಣುತ್ತವೆ. ಅವುಗಳ ಎಡಕ್ಕೆ ಕೆಂಪು ಛಾಯೆಯ ಆರಿದ್ರಾ, ಮೇಲುಗಡೆ ಇನ್ನೊಂದು ಕೆಂಪು ಬಣ್ಣದ ರೋಹಿಣಿ, ಅದಕ್ಕೂ ಮೇಲೆ ಪುಟ್ಟ ಗೊಂಚಲಿನಂತೆ ಕೃತ್ತಿಕೆ. ರೈತನ ಮಳೆಗಾಲದ ಲೆಕ್ಕವೆಲ್ಲ ಚಳಿಗಾಲದ ಆಕಾಶದಲ್ಲಿ ಸಾಲಾಗಿ ಬರೆದಿಟ್ಟಂತಿದೆ.

ಇದನ್ನು ಮನೆಯೊಳಗೆ ತರುವುದು ಹೀಗೆ. ಹಳೆಯ ಲಗ್ನಪತ್ರಿಕೆಯ ದಪ್ಪ ಕಾಗದದ ಮೇಲೆ ಆ ನಕ್ಷತ್ರಗಳಿರುವ ಕಡೆ ಮಗು ಇದ್ದಿಲಿನಿಂದ ಚುಕ್ಕೆ ಇಡಲಿ. ತಂದೆ ದಬ್ಬಳದಿಂದ ಆ ಚುಕ್ಕೆಗಳನ್ನು ಚುಚ್ಚಲಿ. ಮುಳ್ಳು, ದಬ್ಬಳ, ಬ್ಲೇಡುಗಳು ದೊಡ್ಡವರ ಕೈಯಲ್ಲಿಯೇ ಇರತಕ್ಕದ್ದು. ಕತ್ತಲೆ ಕೋಣೆಯಲ್ಲಿ ಈ ಕಾಗದದ ಹಿಂದೆ ಮೊಬೈಲಿನ ದೀಪ ಹಿಡಿದರೆ ಎದುರು ಗೋಡೆಯ ಮೇಲೆ ನಕ್ಷತ್ರಗಳು ಮೂಡುತ್ತವೆ. ಚಿಮಣಿ ದೀಪ, ಮೇಣದ ಬತ್ತಿಗಳಿಂದ ಇದನ್ನು ಮಾಡಬಾರದು. ಕಾಗದಕ್ಕೂ ಮಗುವಿನ ಬಟ್ಟೆಗೂ ಬೆಂಕಿ ತಗಲುವ ಭಯವಿದೆ. ಮೊಬೈಲು ಎಂದೊಡನೆ ಒಂದು ಮಾತು. ಎರಡು ವರ್ಷ ತುಂಬದ ಮಗುವಿಗೆ ಪರದೆ ತೋರಿಸುವುದು ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಸೂಚಿಸಿದೆ. ಮಗು ಹಟ ಮಾಡದೆ ಉಣ್ಣಲೆಂದು ಮೊಬೈಲನ್ನು ಕೈಗಿಡುವ ತಾಯಂದಿರಿಗೆ ಕೆಲಸದ ಒತ್ತಡ ಎಷ್ಟಿರುತ್ತದೆಂದು ನಾನು ಬಲ್ಲೆ. ಆದರೂ ಅದೇ ಮೊಬೈಲು ದೀಪವಾಗಿ ಉಪಯೋಗಕ್ಕೆ ಬಂದರೆ ಅದಕ್ಕೆ ಬೆಲೆ ಹೆಚ್ಚು.

ತಾಯಂದಿರ ಕೈಯಲ್ಲಿ ಇನ್ನೊಂದು ವಿದ್ಯೆ ಇದೆ, ರಂಗೋಲಿ. ಚುಕ್ಕಿ ಇಟ್ಟು ಗೆರೆ ಎಳೆಯುವುದೆಂದರೆ ನಕ್ಷತ್ರಪಟ ಬರೆಯುವ ಕ್ರಮವೇ ಅಲ್ಲವೇ? ಬೇಸಗೆಯ ಸಂಜೆಗಳಲ್ಲಿ ಉತ್ತರದ ಕಡೆಗೆ ಕಾಣುವ ಸಪ್ತರ್ಷಿಗಳ ಏಳು ಚುಕ್ಕಿಗಳನ್ನು ಮರುದಿನ ಬೆಳಿಗ್ಗೆ ಅಂಗಳದಲ್ಲಿ ಮಗುವಿನ ಕೈಯಿಂದ ಇಡಿಸಿ, ಎಣಿಸಿ, ಗೆರೆ ಸೇರಿಸಿರಿ. ಎಣಿಕೆ ಕಲಿಸಲು ಇದಕ್ಕಿಂತ ಅಗ್ಗದ ಪುಸ್ತಕವಿಲ್ಲ.

ಜೋಳದ ಸೀಮೆಯ ಮಕ್ಕಳಿಗೆ ದಂಟಿನ ಬೆಂಡಿನಿಂದ ಬಂಡಿ ಮಾಡಿಕೊಡುವುದು ತಾತಂದಿರ ಕಾಲದಿಂದ ಬಂದ ಕಲೆ. ಒಣಗಿದ ದಂಟನ್ನು ಸುಲಿದು ಬೆಂಡನ್ನು ಬೇರೆ ಮಾಡಿ, ಸಿಪ್ಪೆಯ ಸೀಳುಗಳನ್ನೇ ಮೊಳೆಗಳಂತೆ ಚುಚ್ಚಿ ಜೋಡಿಸುತ್ತಾರೆ. ಆ ಸಿಪ್ಪೆ ಚೂರಿಯಷ್ಟೇ ಹರಿತ, ಸುಲಿಯುವ ಕೆಲಸ ದೊಡ್ಡವರದು. ಎರಡು ಗಾಲಿಯ ಆ ಬಂಡಿಗೆ ಇನ್ನು ನಾಲ್ಕು ಗಾಲಿಗಳನ್ನು ಸೇರಿಸಿ, ಮೇಲೆ ಒಂದು ಚಪ್ಪಟೆ ರಟ್ಟನ್ನು ನಿಲ್ಲಿಸಿದರೆ ಅದು ಚಂದ್ರನ ಮೇಲಿನ ಬಂಡಿಯಾಗುತ್ತದೆ. ಗಾಲಿಗಳನ್ನು ಸವೆದ ಹವಾಯಿ ಚಪ್ಪಲಿಯಿಂದ ಕತ್ತರಿಸಿದರೆ ಚೆನ್ನಾಗಿ ಉರುಳುತ್ತವೆ. 2023ರ ಆಗಸ್ಟ್ 23ರಂದು ಸಂಜೆ ಚಂದ್ರಯಾನ-3ರ ವಿಕ್ರಂ ನೌಕೆ ಚಂದ್ರನ ದಕ್ಷಿಣ ಧ್ರುವದ ಸಮೀಪ ಇಳಿದುದನ್ನು ತಮ್ಮಲ್ಲಿ ಬಹು ಮಂದಿ ನೋಡಿರಬೇಕು. ಅದರೊಳಗಿನಿಂದ ಇಳಿದು ಬಂದ ಪ್ರಜ್ಞಾನ್ ಎಂಬ ಬಂಡಿಗೆ ಆರು ಗಾಲಿಗಳು. ತೂಕ 26 ಕಿಲೋ, ಅಂದರೆ ಅರ್ಧ ಮೂಟೆ ಅಕ್ಕಿಯಷ್ಟು. ನೂರು ಮೀಟರಿಗಿಂತ ತುಸು ಹೆಚ್ಚು ದೂರವನ್ನು ಅದು ಅಲ್ಲಿ ಕ್ರಮಿಸಿತು. ನಿಲ್ಲಿಸಿದ ಆ ರಟ್ಟು ಬಿಸಿಲಿನಿಂದ ವಿದ್ಯುತ್ತನ್ನು ಪಡೆಯುವ ಫಲಕ. ಊರಿನಲ್ಲಿ ಸೋಲಾರ್ ಪಂಪಿದ್ದರೆ ಮಗುವನ್ನು ಕರೆದೊಯ್ದು ಅದರ ಫಲಕವನ್ನು ತೋರಿಸಿರಿ, ಎರಡೂ ಒಂದೇ ಜಾತಿಯವು.

ಎತ್ತಿನ ಬಂಡಿಗೂ ಆಕಾಶಯಾನಕ್ಕೂ ನಮ್ಮ ದೇಶದಲ್ಲಿ ನಿಜವಾದ ನಂಟೇ ಉಂಟು. 1981ರಲ್ಲಿ ಹಾರಿಸಿದ ಆಪಲ್ ಎಂಬ ಸಂಪರ್ಕ ಉಪಗ್ರಹವನ್ನು ಪರೀಕ್ಷೆಗಾಗಿ ಎತ್ತಿನ ಗಾಡಿಯ ಮೇಲಿಟ್ಟಿದ್ದರು. ಬಡತನದಿಂದಲ್ಲ, ಕಬ್ಬಿಣದ ವಾಹನವಾದರೆ ಅಳತೆಗಳಿಗೆ ಅಡ್ಡಿಯಾಗುತ್ತಿತ್ತು, ಮರದ ಗಾಡಿಯಲ್ಲಿ ಆ ತೊಂದರೆಯಿರಲಿಲ್ಲ. ಭಾರತದ ಮೊದಲ ಉಪಗ್ರಹ ಆರ್ಯಭಟ ಸಿದ್ಧವಾದದ್ದು ಬೆಂಗಳೂರಿನ ಪೀಣ್ಯದಲ್ಲಿ. 1975ರ ಏಪ್ರಿಲ್ 19ರಂದು ಅದನ್ನು ಸೋವಿಯತ್ ದೇಶದಿಂದ ಹಾರಿಸಲಾಯಿತು. ಆ ಕೆಲಸದ ಮುಂದಾಳು ಯು. ಆರ್. ರಾವ್ ಅವರು ಹುಟ್ಟಿದ್ದು ಉಡುಪಿಯ ಬಳಿಯ ಅದಮಾರು ಎಂಬ ಹಳ್ಳಿಯಲ್ಲಿ. ಚಂದ್ರಯಾನದ ಸುದ್ದಿಯನ್ನು ಆಲಿಸುವ 32 ಮೀಟರ್ ಅಗಲದ ದೊಡ್ಡ ಬಾಣಲೆಯಂಥ ಆಂಟೆನಾ ಇರುವುದು ಬೆಂಗಳೂರಿನಾಚೆಯ ಬ್ಯಾಲಾಳು ಎಂಬ ಹಳ್ಳಿಯಲ್ಲಿ. ತೆಂಗಿನ ಚಿಪ್ಪಿನ ಅರ್ಧವನ್ನು ಒಂದು ಕೋಲಿನ ತುದಿಗೆ ಕಟ್ಟಿ, ನಡುವೆ ಒಂದು ಕಡ್ಡಿ ನಿಲ್ಲಿಸಿ, ಚಂದ್ರನಿರುವ ದಿಕ್ಕಿಗೆ ತಿರುಗಿಸಿಡಲು ಮಗುವಿಗೆ ಹೇಳಿರಿ. ಚಂದ್ರನು ಜರುಗಿದಂತೆ ಚಿಪ್ಪನ್ನೂ ಜರುಗಿಸುತ್ತ ಅದು ಮಲಗುವ ಹೊತ್ತನ್ನೇ ಮರೆತರೆ, ಒಂದು ದಿನದ ಮಟ್ಟಿಗೆ ಕ್ಷಮಿಸಬಹುದು.

ಬಂಡಿ ಮಾಡಿ ಮಗನ ಕೈಗೆ ಕೊಟ್ಟು, ಮಗಳ ಕೈಗೆ ಪೊರಕೆ ಕೊಡುವ ಮನೆಗಳು ಇನ್ನೂ ಇವೆ. 2019ರ ಚಂದ್ರಯಾನ-2ರ ಯೋಜನಾ ನಿರ್ದೇಶಕಿ ಎಂ. ವನಿತಾ, ಕಾರ್ಯಾಚರಣೆಯ ನಿರ್ದೇಶಕಿ ರಿತು ಕರಿಧಾಲ್. ಇಬ್ಬರೂ ಮಹಿಳೆಯರು. ದಂಟು ಸುಲಿದು ಜೋಡಿಸುವ ಬುದ್ಧಿ ಹೆಣ್ಣು ಗಂಡು ಎಂದು ನೋಡಿ ಬರುವುದಿಲ್ಲವಾದ್ದರಿಂದ, ಇಬ್ಬರನ್ನೂ ಒಟ್ಟಿಗೆ ಕೂಡಿಸಿಕೊಳ್ಳಿರಿ.

ಐದಾರು ವರ್ಷದ ಮಕ್ಕಳಿರುವ ಮನೆಯಲ್ಲಿ ಒಂದು ಸಂಜೆ ಹೊಲದಲ್ಲಿ ಮಾಡತಕ್ಕ ಆಟವೊಂದಿದೆ. ನನಗೆ ಇದೇ ಎಲ್ಲಕ್ಕಿಂತ ಪ್ರಿಯವಾದುದು. ಒಂದು ಮೊಳಕ್ಕೆ ತುಸು ಕಡಿಮೆ, ಸುಮಾರು 40 ಸೆಂಟಿಮೀಟರ್ ಅಗಲದ ಕುಂಬಳಕಾಯಿಯನ್ನು ಬದುವಿನ ಮೇಲಿಡಿರಿ. ಅದು ಸೂರ್ಯ. ಅಲ್ಲಿಂದ ತಂದೆ ಮಗುವಿನ ಕೈಹಿಡಿದು ಎಣಿಸುತ್ತ ಸುಮಾರು ಅರುವತ್ತು ಹೆಜ್ಜೆ ನಡೆಯಲಿ. ಅಲ್ಲಿ ಒಂದು ಎಲೆಯ ಮೇಲೆ ಒಂದು ಜೋಳದ ಕಾಳನ್ನಿಡಿರಿ. ಅದು ನಮ್ಮ ಭೂಮಿ. ಈ ಜೋಳದ ಕಾಳಿನಿಂದ ಅರ್ಧ ಗೇಣು ದೂರದಲ್ಲಿ ಒಂದು ಸಣ್ಣ ರಾಗಿ ಕಾಳು, ಅದು ಚಂದ್ರ. ಈ ಅಳತೆಗಳು ಬಾಯಿಗೆ ಬಂದಂತೆ ಹೇಳಿದವಲ್ಲ. ಸೂರ್ಯನ ಅಗಲ ಭೂಮಿಯ ಸುಮಾರು 109ರಷ್ಟು. ಸೂರ್ಯನಿಗೂ ನಮಗೂ ಇರುವ ದೂರ ಸುಮಾರು 15 ಕೋಟಿ ಕಿಲೋಮೀಟರ್, ಚಂದ್ರನಿಗೆ ಸುಮಾರು 3 ಲಕ್ಷ 84 ಸಾವಿರ. ಅದೇ ಪ್ರಮಾಣದಲ್ಲಿ ಇಳಿಸಿದಾಗ ಕುಂಬಳಕಾಯಿ, ಜೋಳ, ರಾಗಿ ದೊರೆಯುತ್ತವೆ. ಗುರುಗ್ರಹ ಬೇಕೆಂದರೆ ಒಂದು ನಿಂಬೆಹಣ್ಣನ್ನು ತೆಗೆದುಕೊಂಡು ಮುನ್ನೂರು ಹೆಜ್ಜೆ ನಡೆಯಬೇಕು, ಬಹುಶಃ ಪಕ್ಕದವರ ಹೊಲಕ್ಕೆ ಹೋಗಬೇಕಾದೀತು. ಮನುಷ್ಯನು ಕಾಲಿಟ್ಟ ಅತಿ ದೂರದ ಜಾಗವೆಂದರೆ ಆ ಅರ್ಧ ಗೇಣಿನಾಚೆಯ ರಾಗಿ ಕಾಳು. ಆಟ ಮುಗಿದ ಮೇಲೆ ಕಾಳುಗಳನ್ನು ಮರೆಯದೆ ಎತ್ತಿಕೊಳ್ಳಿರಿ. ಕುಂಬಳಕಾಯಿ ಮರುದಿನದ ಹುಳಿಗೆ ಆಗುತ್ತದೆ.

ಬಲೂನಿನ ರಾಕೆಟ್ಟನ್ನು ಚುಟುಕಾಗಿ ಹೇಳುತ್ತೇನೆ. ಕಿಟಕಿಯಿಂದ ಕಂಬಕ್ಕೆ ಬಿಗಿದ ದಾರಕ್ಕೆ ಒಂದು ಕಾಗದದ ಕೊಳವೆ ಪೋಣಿಸಿ, ಊದಿದ ಬಲೂನನ್ನು ಅದಕ್ಕೆ ಅಂಟಿಸಿ ಬಾಯಿ ಬಿಟ್ಟರೆ, ಗಾಳಿ ಹಿಂದಕ್ಕೆ ಹೋಗಿ ಬಲೂನು ಮುಂದಕ್ಕೆ ಓಡುತ್ತದೆ. ರಾಕೆಟ್ಟು ಹಾರುವ ನಿಯಮವೂ ಇದೇ. ಊದುವುದು ದೊಡ್ಡವರ ಕೆಲಸ. ಒಡೆದ ಚೂರುಗಳನ್ನು ಆಗಲೇ ಆಯ್ದು ಬಿಸಾಡಿರಿ, ಮಗುವಿನ ಉಸಿರು ಕಟ್ಟುವ ವಸ್ತುಗಳಲ್ಲಿ ಅದು ಬಹಳ ಕೆಟ್ಟದ್ದು.

ಸೂರ್ಯನನ್ನು ಮಾತ್ರ ಮಗು ನೇರವಾಗಿ ನೋಡಕೂಡದು. ಗ್ರಹಣದ ದಿನ ಅರಿಸಿನದ ನೀರಿನಲ್ಲಿ, ಎಕ್ಸ್‌ರೇ ಹಾಳೆಯಲ್ಲಿ ನೋಡುವ ರೂಢಿಯೂ ಕಣ್ಣಿಗೆ ಕ್ಷೇಮವಲ್ಲ. ಒಂದು ರಟ್ಟಿಗೆ ಸೂಜಿಯಷ್ಟು ರಂಧ್ರ ಮಾಡಿ, ಸೂರ್ಯನಿಗೆ ಬೆನ್ನು ತಿರುಗಿಸಿ ನಿಂತು, ರಂಧ್ರದಿಂದ ಬಂದ ಬೆಳಕನ್ನು ಬಿಳಿ ಕಾಗದದ ಮೇಲೆ ಬೀಳಿಸಿದರೆ ಕಚ್ಚಿದ ರೊಟ್ಟಿಯಂತೆ ಗ್ರಹಣದ ಆಕಾರ ಕಾಣುತ್ತದೆ. ಚಂದ್ರಗ್ರಹಣವನ್ನಾದರೋ ಬರಿಗಣ್ಣಿನಿಂದ ಯಾರು ಬೇಕಾದರೂ ನೋಡಬಹುದು. ಬಲ್ಬಿನ ಮುಂದೆ ಉಂಡೆ ಹಿಡಿದು ಆಡಿದ ಮಗುವಿಗೆ, ಉಂಡೆ ತನ್ನ ತಲೆಯ ನೆರಳಿಗೆ ಬಂದು ಕಪ್ಪಾಗುವುದು ಆಗಲೇ ಕಂಡಿರುತ್ತದೆ. ಅದೇ ಚಂದ್ರಗ್ರಹಣ, ನೆರಳೊಂದನ್ನು ಬಿಟ್ಟರೆ ಮತ್ತೇನೂ ಅಲ್ಲ. ಮನೆಯಲ್ಲಿ ಬಸುರಿಯಿದ್ದರೆ ಈ ಮಾತನ್ನು ಹಿರಿಯರೂ ಗಮನಿಸಬೇಕೆಂದು ಕೋರುತ್ತೇನೆ. ಗ್ರಹಣದ ನೆರಳಿನಿಂದ ಗರ್ಭದ ಶಿಶುವಿಗೆ ಏನೂ ಆಗುವುದಿಲ್ಲ. ಸೀಳುತುಟಿಗೂ ಗ್ರಹಣಕ್ಕೂ ಸಂಬಂಧವಿಲ್ಲ, ಮತ್ತು ಅದನ್ನು ಶಸ್ತ್ರಚಿಕಿತ್ಸೆಯಿಂದ ಸರಿಪಡಿಸಬಹುದು. ಆದರೆ ತಾಯಿಯನ್ನು ಗಂಟೆಗಟ್ಟಲೆ ಅನ್ನ ನೀರಿಲ್ಲದೆ, ಗಾಳಿಯಾಡದ ಕೋಣೆಯಲ್ಲಿ ಕೂಡಿಸಿದರೆ ನಿಜವಾಗಿಯೂ ತೊಂದರೆಯಾಗುತ್ತದೆ.

ಇದನ್ನೆಲ್ಲ ಮಾಡಲು ಹೊತ್ತು ಎಲ್ಲಿದೆ ಎಂಬುದು ತಮ್ಮ ಮುಂದಿನ ಪ್ರಶ್ನೆಯೆಂದು ಬಲ್ಲೆ. ದಿನವಿಡೀ ಹೊಲದಲ್ಲಿ ಬಾಗಿ ಬಂದ ಹೆಂಗಸಿಗೆ ಒಲೆ, ನೀರು, ದನಕರುಗಳ ಜೊತೆಗೆ ಇದೂ ಒಂದು ಕೆಲಸವಾಗಿ ಸೇರುವುದಾದರೆ ನಾನು ಇದನ್ನು ಹೇಳುತ್ತಲೇ ಇರಲಿಲ್ಲ. ಯಜಮಾನರೇ, ಇದು ಬಹುಮಟ್ಟಿಗೆ ತಮ್ಮ ಪಾಲಿನದು. ಅಡುಗೆಯಾಗುವ ತನಕ ಜಗಲಿಯ ಮೇಲೆ ಕುಳಿತಿರುವ ಅರ್ಧ ಗಂಟೆ ಸಾಕು. ತಂದೆಯ ಒರಟು ಬೆರಳುಗಳು ತನ್ನ ಜೊತೆ ಮಣ್ಣು ಮಿದಿಯುವುದನ್ನು ಮಗು ಬಹುಕಾಲ ನೆನಪಿಡುತ್ತದೆ. ಮನೆಗೆ ಹೊಸ ಕೂಸು ಬಂದಾಗಲಂತೂ ಇದು ಅವಶ್ಯ. ತಾಯಿಯ ಮಡಿಲು ಕೈತಪ್ಪಿದ ಹಿರಿಯ ಮಗು ಹಟ ಹಿಡಿಯುತ್ತದೆ, ಕೂಸನ್ನು ಚಿವುಟುತ್ತದೆ. ಅದು ದುಷ್ಟತನವಲ್ಲ, ಸಂಕಟ. ಆಗ ‘ತಮ್ಮನಿಗೆ ತೋರಿಸಲು ಒಂದು ಚಂದ್ರ ಮಾಡೋಣ ಬಾ’ ಎಂದು ತಂದೆ ಕರೆದರೆ ಅದಕ್ಕೊಂದು ಸ್ಥಾನ ಸಿಕ್ಕಂತಾಗುತ್ತದೆ. ಇಬ್ಬರು ಮಕ್ಕಳ ನಡುವೆ ಮೂರು ವರ್ಷಗಳಾದರೂ ಅಂತರವಿರಲೆಂದು ನಾವು ಹೇಳುವುದರಲ್ಲಿ ತಾಯಿಯ ಆರೋಗ್ಯದ ಜೊತೆಗೆ ಈ ವಿಚಾರವೂ ಸೇರಿದೆ.

ಮಗು ಮಾಡಿದ್ದನ್ನು ಕಂಡು ನಕ್ಕು, ‘ಇದೆಂಥ ಚಂದ್ರ, ಆಲೂಗಡ್ಡೆ’ ಎಂದು ನೆರೆಯವರ ಮುಂದೆ ಆಡಬೇಡಿರಿ. ‘ಇದೇನು ಮಾಡಿದ್ದೀಯಪ್ಪ, ಹೇಳು’ ಎಂದು ಕೇಳಿ, ಅದು ಹೇಳಿ ಮುಗಿಸುವ ತನಕ ಕಾಯಿರಿ. ಮೂರು ವರ್ಷದ ಮಗು ಒಂದು ವಾಕ್ಯ ಜೋಡಿಸಲು ತಡಮಾಡುತ್ತದೆ. ನಾವು ಅವಸರಪಟ್ಟು ನಡುವೆ ಬಾಯಿ ಹಾಕಿದರೆ ಆ ವಾಕ್ಯ ಅಲ್ಲಿಗೇ ನಿಲ್ಲುತ್ತದೆ. ಐದು ನಿಮಿಷಕ್ಕೇ ಬೇಸತ್ತು ಎದ್ದುಹೋದರೆ ಹೋಗಲಿ. ನಾಳೆ ಬರುತ್ತದೆ.

ಮೊದಲು ಮಾಡುವವರು ಅಮಾವಾಸ್ಯೆ ಕಳೆದ ಎರಡನೆಯ ಅಥವಾ ಮೂರನೆಯ ದಿನ ಪ್ರಾರಂಭಿಸುವುದು ಅನುಕೂಲ. ಸೂರ್ಯ ಮುಳುಗಿದ ಮೇಲೆ ಪಶ್ಚಿಮದಲ್ಲಿ ತೆಳುವಾದ ಚಂದ್ರ ಕಾಣುತ್ತಾನೆ, ಮಗು ಮಲಗುವ ಮುನ್ನವೇ ನೋಡಬಹುದು. ಅಡುಗೆಮನೆಯ ಗೋಡೆಗೆ ಒಂದು ಕಾಗದ ಅಂಟಿಸಿ, ಬಟ್ಟಲು ಬೋರಲಿಟ್ಟು ಹದಿನಾಲ್ಕು ವೃತ್ತಗಳನ್ನು ಎಳೆದಿಡಿರಿ. ದಿನವೂ ಸಂಜೆ ಮಗು ಹೊರಗೆ ಹೋಗಿ ನೋಡಿ ಬಂದು, ಕತ್ತಲಿರುವಷ್ಟು ಭಾಗಕ್ಕೆ ಇದ್ದಿಲು ಬಳಿಯಲಿ. ಮೋಡ ಕವಿದು ಕಾಣದ ದಿನದ ವೃತ್ತವನ್ನು ಹಾಗೆಯೇ ಬಿಡಿರಿ. ಮರುದಿನ ಚಂದ್ರ ಎಷ್ಟು ಬೆಳೆದಿದ್ದಾನೆಂದು ಮಗುವೇ ಹೇಳುತ್ತದೆ.